ಮಲೆನಾಡಿನ ಕೊಟ್ಟಿಗೆಯಲ್ಲಿ ನಿಂತುಹೋದ ಪ್ರೀಮಿಯರ್ ಪದ್ಮಿನಿ: ಎತ್ತಿ ನಿಲ್ಲಿಸಬಹುದೇ?

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಅಡಿಕೆ ತೋಟದ ಮನೆಗಳ ಹಿಂದೆ ಹಳೇ ಪದ್ಮಿನಿಗಳು ಇನ್ನೂ ನಿಂತಿವೆ. ಮಾರುವವರು ಹೇಳುವುದು ಒಂದೇ ಮಾತು: 'ಎಂಜಿನ್ ಚೆನ್ನಾಗಿದೆ, ಬ್ಯಾಟರಿ ಹಾಕಿದರೆ ಸ್ಟಾರ್ಟ್ ಆಗುತ್ತದೆ.' ಆ ಮಾತಿಗೆ ಬೆಲೆ ಕೊಡಬೇಡಿ. ಎಂಜಿನ್ ಜಾಮ್ ಆಗಿದ್ದರೂ ತಗಡು ಗಟ್ಟಿಯಿರುವ ಪದ್ಮಿನಿ ಒಳ್ಳೆಯ ವ್ಯಾಪಾರ. ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆದರೂ ತಳ ಕರಗಿದ ಪದ್ಮಿನಿಯನ್ನು ಪುಕ್ಕಟೆ ಕೊಟ್ಟರೂ ಅದು ದುಬಾರಿಯೇ.

ಕಾರಣ ಗಾಡಿಯ ಕಟ್ಟಡದಲ್ಲೇ ಇದೆ. ಜೀಪಿನಂತೆ ಇದಕ್ಕೆ ಭಾರ ಹೊರುವ ಬೇರೆ ಚಾಸಿ ಇಲ್ಲ. ತಳದ ಪ್ಲಾಟ್‌ಫಾರ್ಮ್, ಬಾಗಿಲ ಕೆಳಗಿನ ರನ್ನಿಂಗ್ ಬೋರ್ಡ್, ಕಂಬ, ಚಾವಣಿ ಎಲ್ಲ ಸೇರಿದ ತಗಡಿನ ಪೆಟ್ಟಿಗೆಯೇ ಭಾರ ಹೊರುತ್ತದೆ. ತುಕ್ಕು ತಿಂದರೆ ಹೋಗುವುದು ಅಂದ ಮಾತ್ರವಲ್ಲ, ಗಾಡಿಯ ಬೆನ್ನುಮೂಳೆಯೂ ಹೋಗುತ್ತದೆ. ಇಟಲಿಯ ಫಿಯೆಟ್ ಲೈಸೆನ್ಸಿನಲ್ಲಿ ಮುಂಬೈನ ಕುರ್ಲಾದಲ್ಲಿ ತಯಾರಾದ ಈ ಕಾರು 1964ರಲ್ಲಿ ಫಿಯೆಟ್ 1100 ಡಿಲೈಟ್ ಎಂದು ಬಂತು. ಎಪ್ಪತ್ತರ ದಶಕದಲ್ಲಿ ಪ್ರೀಮಿಯರ್ ಪ್ರೆಸಿಡೆಂಟ್, ಆಮೇಲೆ ಪ್ರೀಮಿಯರ್ ಪದ್ಮಿನಿ ಆಯಿತು. 1089 ಸಿಸಿಯ ನಾಲ್ಕು ಸಿಲಿಂಡರ್ ಪೆಟ್ರೋಲ್ ಎಂಜಿನ್, ಒಂದು ಕಾರ್ಬೊರೇಟರ್, ಹಿಂದಿನ ಚಕ್ರಕ್ಕೆ ಡ್ರೈವ್, ಹೆಚ್ಚಿನ ಗಾಡಿಗಳಲ್ಲಿ ಸ್ಟೀರಿಂಗ್ ಪಕ್ಕದ ಗೇರ್. ಮುಂಬೈ ಟ್ಯಾಕ್ಸಿಯಾಗಿ 2023ರ ಅಕ್ಟೋಬರ್‌ವರೆಗೂ ಓಡಿದ್ದರಿಂದ ಪಿಸ್ಟನ್, ರಿಂಗ್, ಬೇರಿಂಗ್, ಕ್ಲಚ್, ವೀಲ್ ಸಿಲಿಂಡರ್ ಇವತ್ತಿಗೂ ಸಿಗುತ್ತವೆ. ಇಷ್ಟು ಹಳೆಯ ಗಾಡಿಗೆ ಇದು ದೊಡ್ಡ ಅನುಕೂಲ. ಡೀಸೆಲ್‌ನ 137ಡಿ ಮಾತ್ರ ಬೇಡ. ಅದರ ಎಂಜಿನ್ನೇ ಬೇರೆ, ಸಾಮಾನು ಹುಡುಕುವುದರಲ್ಲೇ ವರ್ಷ ಕಳೆಯುತ್ತದೆ.

ಗಾಡಿ ಎಲ್ಲಿ ನಿಂತಿತ್ತು ಎಂದು ಮೊದಲು ಕೇಳಿ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆ. ಆ ಸೀಮೆಯಲ್ಲಿ ಸೂರಿನಡಿ ನಿಂತ ಗಾಡಿಯೂ ಮಳೆಗಾಲವಿಡೀ ಒದ್ದೆ ಗಾಳಿಯಲ್ಲೇ ಇರುತ್ತದೆ. ಮಣ್ಣಿನ ನೆಲವಾದರೆ ತಳಕ್ಕೆ ಕೆಳಗಿನಿಂದಲೂ ತೇವ. ದನದ ಕೊಟ್ಟಿಗೆಯ ಪಕ್ಕ ನಿಂತಿದ್ದರೆ ಗಂಜಲದ ಅಮೋನಿಯಾ ಹಿತ್ತಾಳೆ, ತಾಮ್ರಗಳನ್ನು ಕೆಡಿಸುತ್ತದೆ. ರೇಡಿಯೇಟರ್ ಸೀಳು ಬಿಡುತ್ತದೆ, ಫ್ಯೂಸ್ ಪೆಟ್ಟಿಗೆಯ ಮೊನೆಗಳು ಹಸಿರುಗಟ್ಟುತ್ತವೆ. ಇವೆಲ್ಲಕ್ಕಿಂತ ಕೆಟ್ಟದ್ದು ಮೈಲುತುತ್ತ. ತೋಟದ ಕಾರಿನ ಡಿಕ್ಕಿಯಲ್ಲಿ ಬೋರ್ಡೋ ಔಷಧಿಯ (ಮೈಲುತುತ್ತ, ಸುಣ್ಣ ಬೆರೆಸಿ ಅಡಿಕೆಗೆ ಹೊಡೆಯುವುದು) ಸಾಮಾನು ಸಾಗಿಸದವರು ಕಡಿಮೆ. ಸುಣ್ಣ ಸಾಲದ ಬೋರ್ಡೋಗೆ ಕಬ್ಬಿಣದ ಕತ್ತಿ ಅದ್ದಿದರೆ ಅಲಗಿನ ಮೇಲೆ ಕೆಂಪಗೆ ತಾಮ್ರ ಕೂರುವುದನ್ನು ತೋಟದವರೆಲ್ಲ ಬಲ್ಲರು. ತಾಮ್ರ ಕೂತಷ್ಟೂ ಕಬ್ಬಿಣ ಕರಗುತ್ತದೆ. ಡಿಕ್ಕಿಯ ನೆಲದಲ್ಲಿ ಚೆಲ್ಲಿದ ಮೈಲುತುತ್ತದ ನೀರು ಮಾಡುವುದೂ ಅದೇ ಕೆಲಸ. ಡಿಕ್ಕಿಯ ಮ್ಯಾಟ್ ಎತ್ತಿದಾಗ ನೀಲಿ-ಹಸಿರು ಕಲೆ ಕಂಡರೆ ಆ ಜಾಗ ಕತ್ತರಿಸಿ ಹೊಸ ತಗಡು ಹಾಕುವುದಾಗಿಯೇ ಲೆಕ್ಕ ಹಿಡಿಯಿರಿ. ಒಂದೇ ಬೆಲೆಗೆ ಎರಡು ಗಾಡಿ ಸಿಕ್ಕರೆ ಶಿಕಾರಿಪುರ, ಚನ್ನಗಿರಿ ಕಡೆಯ ಒಣ ಊರಿನದ್ದನ್ನೇ ಆರಿಸಿ.

ನೋಡಲು ಹೋಗುವಾಗ ಟಾರ್ಚು, ಸ್ಕ್ರೂ ಡ್ರೈವರ್, ಮೆತ್ತನೆ ಬಟ್ಟೆ ಸುತ್ತಿದ ಅಯಸ್ಕಾಂತ, ಜಾಕ್ ಇರಲಿ. ಅಯಸ್ಕಾಂತ ಹಿಡಿಯದ ಕಡೆ ಬಣ್ಣದ ಕೆಳಗೆ ಪುಟ್ಟಿ ದಪ್ಪಗೆ ಕೂತಿದೆ ಎಂದರ್ಥ. ಮಡ್‌ಗಾರ್ಡಿನ ಹಿಂಬದಿ, ಹೆಡ್‌ಲೈಟಿನ ಸುತ್ತ, ಬಾಗಿಲುಗಳ ಕೆಳ ಅಂಚು, ವಿಂಡ್‌ಸ್ಕ್ರೀನ್ ರಬ್ಬರಿನ ಕೆಳಮೂಲೆಗಳು, ಬ್ಯಾಟರಿ ತಟ್ಟೆ, ಸ್ಟೆಪ್ನಿ ಇಡುವ ಜಾಗ: ಇಲ್ಲೆಲ್ಲ ತೂತಿರುವುದು ಸಾಮಾನ್ಯ, ರಿಪೇರಿಗೂ ಬಗ್ಗುತ್ತದೆ. ನಿಜವಾದ ಪರೀಕ್ಷೆ ಮೂರು ಕಡೆ. ಮ್ಯಾಟ್ ಕಿತ್ತು ಕಾಲಿಡುವ ಜಾಗದ ನೆಲ. ರನ್ನಿಂಗ್ ಬೋರ್ಡಿನ ಒಳಮೈ. ಹಿಂದಿನ ಕಮಾನ್ ಪ್ಲೇಟ್ ಕೂರುವ ಬ್ರಾಕೆಟ್ ಮತ್ತು ಅದರ ಸುತ್ತಲಿನ ತಗಡು. ಸ್ಕ್ರೂ ಡ್ರೈವರಿನ ಮೊನೆಯಿಂದ ಒತ್ತಿದಾಗ 'ಟಣ್' ಎಂದರೆ ಸರಿ. ಮೆತ್ತಗೆ ಒಳಹೋಗಿ ಕಂದು ಪುಡಿ ಉದುರಿದರೆ ಅಲ್ಲಿ ಲೋಹ ಉಳಿದಿಲ್ಲ. ಕೊನೆಗೆ, ಬಾಗಿಲು ಸಲೀಸಾಗಿ ತೆಗೆದು ಹಾಕಿ ನೋಡಿ, ಆಮೇಲೆ ಗಾಡಿಯನ್ನು ಬದಿಯಿಂದ ಜಾಕ್ ಏರಿಸಿ ಅದೇ ಬಾಗಿಲನ್ನು ಮತ್ತೆ ತೆಗೆಯಿರಿ. ಈಗ ಕಚ್ಚಿಕೊಂಡರೆ ಪೆಟ್ಟಿಗೆ ಬಾಗುತ್ತಿದೆ. ಒಂದು ಬದಿ ಹೀಗಿದ್ದರೆ ಬೆಲೆ ಅರ್ಧಕ್ಕಿಳಿಸಿ ಮಾತಾಡಿ. ಎರಡೂ ಬದಿ ಹೀಗಿದ್ದು ಕಮಾನಿನ ಬ್ರಾಕೆಟ್ಟೂ ಸಡಿಲವಾಗಿದ್ದರೆ ಅದು ಬಿಡಿಭಾಗಕ್ಕಷ್ಟೇ ಆಗುವ ಗಾಡಿ.

ತಗಡಿನ ಕೆಲಸಕ್ಕೆ ಟಿಂಕರಿಂಗ್ ಶಾಪ್ ಹುಡುಕುವಾಗ ಒಂದೇ ಪ್ರಶ್ನೆ ಸಾಕು: ಕೋ2 (ಕಾರ್ಬನ್ ಡೈಆಕ್ಸೈಡ್ ಅನಿಲ ಬಿಟ್ಟು ವೈರಿನಿಂದ ಬೆಸೆಯುವ) ವೆಲ್ಡಿಂಗ್ ಇದೆಯೇ? ಗ್ಯಾಸ್ ವೆಲ್ಡಿಂಗ್‌ನ ಶಾಖ ತೆಳು ತಗಡನ್ನು ಸೊಟ್ಟ ಮಾಡುತ್ತದೆ, ಆ ಸೊಟ್ಟ ಮುಚ್ಚಲು ಪುಟ್ಟಿ, ಪುಟ್ಟಿಯಡಿಗೆ ಮತ್ತೆ ನೀರು. ಆರ್ಕ್‌ನಲ್ಲಿ ಈ ತಗಡು ತೂತಾಗುತ್ತದೆ. 0.8 ಮಿ.ಮೀ. ವೈರಿನ ಕೋ2 ವೆಲ್ಡಿಂಗ್‌ನಲ್ಲಿ ಎರಡು ಸೆಂಟಿಮೀಟರ್ ಹೊಲಿಗೆ ಹಾಕಿ, ದೂರದ ಇನ್ನೊಂದು ಕಡೆಗೆ ಹೋಗಿ, ಇದು ಆರಿದ ಮೇಲೆ ಮರಳಿ ಬರಬೇಕು. ನೆಲ ಮತ್ತು ರನ್ನಿಂಗ್ ಬೋರ್ಡಿಗೆ 18 ಗೇಜ್, ಹೊರಮೈಗೆ 20 ಗೇಜ್ ಸಿಆರ್ (ಕೋಲ್ಡ್ ರೋಲ್ಡ್ ಉಕ್ಕಿನ) ಶೀಟ್ ತರಿಸಿ. ಎಂಟಡಿ-ನಾಲ್ಕಡಿಯ 18 ಗೇಜ್ ಶೀಟ್ ಸುಮಾರು 28 ಕೆ.ಜಿ. ತೂಗುತ್ತದೆ, ತಳವೆಲ್ಲ ಹೋದ ಗಾಡಿಗೂ ಒಂದೂವರೆ ಶೀಟ್ ಧಾರಾಳ. ಸತು ಲೇಪಿಸಿದ ಜಿಐ ಶೀಟ್ ತುಕ್ಕು ಹಿಡಿಯುವುದಿಲ್ಲವೆಂದು ಕೆಲವರು ಹಾಕುತ್ತಾರೆ. ವೆಲ್ಡಿಂಗ್ ಶಾಖಕ್ಕೆ ಸತು ಸುಟ್ಟು ವಿಷದ ಹೊಗೆ ಬರುತ್ತದೆ, ಬೆಸುಗೆ ಗುಳ್ಳೆಗಟ್ಟುತ್ತದೆ. ಬೇಡ.

ಅತಿ ಹೆಚ್ಚು ಗಾಡಿಗಳು ಹಾಳಾಗುವುದು ರನ್ನಿಂಗ್ ಬೋರ್ಡ್ ಕತ್ತರಿಸುವ ದಿನ. ಕತ್ತರಿಸುವ ಮೊದಲು ಬಾಗಿಲಿನ ಚೌಕಟ್ಟಿಗೆ ಅಡ್ಡಲಾಗಿ, ಮೂಲೆಯಿಂದ ಮೂಲೆಗೆ 25 ಮಿ.ಮೀ. ಚೌಕ ಪೈಪನ್ನು ಟ್ಯಾಕ್ (ತಾತ್ಕಾಲಿಕ ಚುಕ್ಕಿ ಬೆಸುಗೆ) ಹಾಕಬೇಕು. ಗಾಡಿ ನಾಲ್ಕು ಚಕ್ರದ ಮೇಲೆ ಅಥವಾ ಸಸ್ಪೆನ್ಷನ್ ಕೂರುವ ಜಾಗದಲ್ಲಿ ಕೊಟ್ಟ ಗಟ್ಟಿ ಆಸರೆಯ ಮೇಲೆ ಸಮತಟ್ಟಾಗಿ ನಿಂತಿರಬೇಕು. ಒಂದು ಬದಿ ಪೂರ್ತಿ ಮುಗಿದು, ಬಾಗಿಲು ಕೂರಿಸಿ ಸಂದಿ ಅಳೆದ ಮೇಲಷ್ಟೇ ಇನ್ನೊಂದು ಬದಿ. ಎರಡನ್ನೂ ಒಟ್ಟಿಗೆ ಕತ್ತರಿಸಿದರೆ ನಡು ಕುಸಿಯುತ್ತದೆ, ಬಾಗಿಲು ಆಮೇಲೆ ಯಾವತ್ತೂ ಸರಿ ಕೂರುವುದಿಲ್ಲ. ಹಳೇ ತಗಡಿನ ಮೇಲೆ ಹೊಸ ತಗಡು ಹೊದಿಸಿ ಬೆಸೆಯಲು ಬಿಡಬೇಡಿ. ಎರಡರ ನಡುವೆ ಸಿಕ್ಕಿದ ತೇವ ಎರಡೇ ಮಳೆಗಾಲದಲ್ಲಿ ಹೊಸದನ್ನೂ ತಿನ್ನುತ್ತದೆ. ಕೊಳೆತದ್ದನ್ನು ಗಟ್ಟಿ ಲೋಹ ಸಿಗುವವರೆಗೆ ಕತ್ತರಿಸಿ, ಅಂಚಿಗೆ ಅಂಚು ಸೇರಿಸಿಯೇ ಬೆಸೆಯಬೇಕು.

ತುಕ್ಕು ಪರಿವರ್ತಕ ಎಂದು ಬಾಟಲಿಯಲ್ಲಿ ಮಾರುವ ದ್ರಾವಣಗಳ ಮೇಲೆ ಜನರಿಗೆ ಅತಿ ನಂಬಿಕೆ. ಅವುಗಳಲ್ಲಿ ಇರುವುದು ಫಾಸ್ಫಾರಿಕ್ ಆಮ್ಲ ಅಥವಾ ಟ್ಯಾನಿನ್. ಹಸಿ ಅಡಿಕೆ ಸುಲಿಯುವ ಮೆಟ್ಟುಕತ್ತಿಯ ಅಲಗು ಚೊಗರು ತಾಗಿ ಕಪ್ಪಾಗುವಂತೆಯೇ ಟ್ಯಾನಿನ್ ದ್ರಾವಣ ತುಕ್ಕನ್ನು ಕಪ್ಪು ಪದರವಾಗಿಸುತ್ತದೆ. ಹಾಗೆಂದು ಚೊಗರು ತಂದು ಬಳಿದರೆ ಕೆಲಸವಾಗುವುದಿಲ್ಲ. ಬಾಟಲಿಯದ್ದು ಕೂಡ ತೆಳು ತುಕ್ಕಿಗೆ ಮಾತ್ರ. ಹಪ್ಪಳೆಯಾಗಿ ಏಳುವ ತುಕ್ಕನ್ನು ಮೊದಲು ವೈರ್ ಬ್ರಷ್‌ನಿಂದ ಕೆರೆದು ಉದುರಿಸಲೇಬೇಕು. ಆಮ್ಲದ ದ್ರಾವಣವನ್ನು ಎರಡು ತಗಡಿನ ಸಂದಿಗೆ ಸುರಿಯಬೇಡಿ. ತೊಳೆಯಲಾಗದ ಜಾಗದಲ್ಲಿ ಉಳಿದ ಆಮ್ಲ ಮೇಲಿನ ಬಣ್ಣವನ್ನೇ ಎಬ್ಬಿಸುತ್ತದೆ. ಬ್ರಾಕೆಟ್, ಹಿಂಜ್‌ನಂಥ ಚಿಕ್ಕ ಸಾಮಾನಿಗೆ ಪ್ಲಾಸ್ಟಿಕ್ ಬಕೆಟ್, ವಾಷಿಂಗ್ ಸೋಡಾ, ಬ್ಯಾಟರಿ ಚಾರ್ಜರ್ ಸಾಕು. ಹತ್ತು ಲೀಟರ್ ನೀರಿಗೆ ಮೂರು ಟೇಬಲ್ ಚಮಚ ಸೋಡಾ, ಮೈನಸ್ ವೈರು ಸಾಮಾನಿಗೆ, ಪ್ಲಸ್ ವೈರು ಗುಜರಿ ಕಬ್ಬಿಣದ ತುಂಡಿಗೆ. ಪ್ಲಸ್ಸಿಗೆ ಸ್ಟೀಲ್ ಲೋಟ, ಚಮಚ ಕಟ್ಟಬೇಡಿ, ಅದರ ಕ್ರೋಮಿಯಂ ನೀರನ್ನು ವಿಷ ಮಾಡುತ್ತದೆ. ಹೈಡ್ರೋಜನ್ ಏಳುವುದರಿಂದ ಕೆಲಸ ಬಯಲಲ್ಲೇ ಆಗಲಿ. ಸ್ಪ್ರಿಂಗ್‌ಗಳನ್ನು ಹೀಗೆ ತೊಳೆಯಬಾರದು, ಪೆಡಸಾಗಿ ಮುರಿಯುತ್ತವೆ.

ಕೆಲಸದ ಕ್ಯಾಲೆಂಡರನ್ನು ಮಳೆ ನಕ್ಷತ್ರವೇ ನಿರ್ಧರಿಸಲಿ. ಸ್ವಾತಿ ಮಳೆ ಮುಗಿದ ಮೇಲೆ ತಗಡು ಬಿಚ್ಚಿ, ಯುಗಾದಿಯೊಳಗೆ ವೆಲ್ಡಿಂಗ್ ಮುಗಿಸಿ, ಮೃಗಶಿರಾ ಹೊಯ್ಯುವ ಮೊದಲು ಬಣ್ಣವೂ ಆಗಿಬಿಡಬೇಕು. ಮಳೆಗಾಲದಲ್ಲಿ ಉಜ್ಜಿ ಬಿಟ್ಟ ಬೋಳು ತಗಡಿಗೆ ಬೆಳಗಾಗುವುದರೊಳಗೆ ಕೆಂಪು ಹಿಡಿದಿರುತ್ತದೆ. ಗಾಳಿಯ ತೇವಾಂಶ 85 ಶೇಕಡಾ ದಾಟಿದ ದಿನ ಪ್ರೈಮರ್ ಹೊಡೆಯಬಾರದು. ಬೋಳು ಲೋಹಕ್ಕೆ ನೇರವಾಗಿ ಎರಡು ಡಬ್ಬಿಯ ಎಪಾಕ್ಸಿ ಪ್ರೈಮರ್, ಆಮೇಲೆ ಜೋಡಣೆಗಳಿಗೆಲ್ಲ ಪಿಯು (ಪಾಲಿಯುರೆಥೇನ್) ಸೀಲರ್, ಪುಟ್ಟಿ ಬೇಕಾದರೆ ಎಪಾಕ್ಸಿಯ ಮೇಲೆ ಎರಡು ಮಿ.ಮೀ. ಮೀರದಂತೆ. ಪುಟ್ಟಿ ನೀರು ಹೀರುತ್ತದೆ. ಬೋಳು ತಗಡಿನ ಮೇಲೆ ಬಿದ್ದರೆ ಒಳಗಿನಿಂದಲೇ ತುಕ್ಕು ಶುರು. ಬಣ್ಣ ಒಣಗಿದ ಮೇಲೆ ರನ್ನಿಂಗ್ ಬೋರ್ಡ್, ಬಾಗಿಲುಗಳ ಒಳಗೆ ಕ್ಯಾವಿಟಿ ವ್ಯಾಕ್ಸ್ (ಟೊಳ್ಳು ಜಾಗಕ್ಕೆ ಹೊಡೆಯುವ ಮೇಣ) ಹೊಡೆಸಿ. ಬಾಗಿಲ ತಳದ ನೀರು ಹೋಗುವ ತೂತುಗಳು ವ್ಯಾಕ್ಸಿನಿಂದ ಮುಚ್ಚಿಹೋಗದಂತೆ ಕಡ್ಡಿ ಆಡಿಸಿ. ಮಲೆನಾಡಿನಲ್ಲಿ ಹೊರಗಿನ ಹೊಳಪಿಗಿಂತ ಈ ವ್ಯಾಕ್ಸಿಗೆ ಕೊಟ್ಟ ದುಡ್ಡು ಹೆಚ್ಚು ಬಾಳುತ್ತದೆ.

ಎಂಜಿನ್ ಬಗ್ಗೆ ಅಷ್ಟು ಚಿಂತೆ ಬೇಡ. ಜಾಮ್ ಆಗಿದ್ದರೆ ಪ್ಲಗ್ ಬಿಚ್ಚಿ ನಾಲ್ಕೂ ಸಿಲಿಂಡರಿಗೆ ಡೀಸೆಲ್ ಮತ್ತು ಆಟೋಮ್ಯಾಟಿಕ್ ಗೇರ್‌ಬಾಕ್ಸಿಗೆ ಹಾಕುವ ಎಟಿಎಫ್ ಎಣ್ಣೆ ಸಮ ಬೆರೆಸಿ ಹಾಕಿ ವಾರ ಬಿಡಿ. ಆಮೇಲೆ ಕ್ರ್ಯಾಂಕ್ ಪುಲ್ಲಿಯ ನಟ್ಟಿಗೆ ಸ್ಪ್ಯಾನರ್ ಹಾಕಿ ಹಿಂದೆ ಮುಂದೆ ಚೂರುಚೂರೇ ಅಲುಗಿಸಿ. ಗೇರಿಗೆ ಹಾಕಿ ಟ್ರ್ಯಾಕ್ಟರಿನಿಂದ ಎಳೆಸಿದರೆ ರಿಂಗ್ ಮುರಿಯುತ್ತದೆ. ನೋಡಬೇಕಾದ್ದು ಸಿಲಿಂಡರುಗಳ ಮೇಲೆ ಕೂರುವ ಹೆಡ್. ಬ್ಲಾಕ್ ಬೀಡು, ಹೆಡ್ ಅಲ್ಯೂಮಿನಿಯಂ. ವರ್ಷಗಟ್ಟಲೆ ಕೂಲಂಟ್ ಇಲ್ಲದೆ ಬಾವಿ ನೀರು ತುಂಬಿ ಓಡಿಸಿದ ಗಾಡಿಯಲ್ಲಿ ನೀರಿನ ದಾರಿಯ ಸುತ್ತ ಅಲ್ಯೂಮಿನಿಯಂ ಸವೆದು ಗುಳಿಬಿದ್ದಿರುತ್ತದೆ, ಹೆಡ್ ಸ್ಟಡ್‌ಗಳಿಗೆ ಕಚ್ಚಿಕೊಂಡಿರುತ್ತದೆ. ಆರ್ಗಾನ್ ವೆಲ್ಡಿಂಗ್ ಮಾಡಿಸಿ ಮೇಲ್ಮೈ ಸಮ ಮಾಡಿಸಬಹುದು. ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್ ಕಡೆ ಲೇತ್, ಬೋರಿಂಗ್ ಕೆಲಸ ವಿಚಾರಿಸಿ, ಸಾಮಾನಿಗೆ ಬೆಂಗಳೂರಿನ ಜೆ.ಸಿ. ರಸ್ತೆ, ಹಳೇ ಸಾಮಾನಿಗೆ ಶಿವಾಜಿನಗರ. ಗ್ರಿಲ್, ಲೈಟಿನ ರಿಂಗ್, ಬಂಪರ್ ಗಾಡಿಯಲ್ಲೇ ಇವೆಯೇ ಎಂದು ಕೊಳ್ಳುವಾಗಲೇ ಎಣಿಸಿಕೊಳ್ಳಿ. ಪಿಸ್ಟನ್ ಹುಡುಕುವುದಕ್ಕಿಂತ ಇವನ್ನು ಹುಡುಕುವುದು ಕಷ್ಟ.

ಬ್ರೇಕಿನಲ್ಲಿ ಮಾತ್ರ ಉಳಿತಾಯ ನೋಡಬೇಡಿ. ನಾಲ್ಕೂ ಚಕ್ರಕ್ಕೆ ಡ್ರಮ್, ಹಳೆಯ ಮಾದರಿಗಳಲ್ಲಿ ಒಂದೇ ಸರ್ಕ್ಯೂಟ್. ಒಂದು ಪೈಪು ತೂತಾದರೆ ನಾಲ್ಕೂ ಬ್ರೇಕ್ ಒಟ್ಟಿಗೆ ಹೋಗುತ್ತವೆ. ಆಗುಂಬೆ ಘಾಟಿಯ ಹದಿನಾಲ್ಕು ತಿರುವು ಇಳಿಯುವ ಗಾಡಿಗೆ ಮಾಸ್ಟರ್ ಸಿಲಿಂಡರ್, ವೀಲ್ ಸಿಲಿಂಡರ್, ಹೋಸ್, ಸ್ಟೀಲ್ ಪೈಪು ಎಲ್ಲವೂ ಹೊಸದೇ ಇರಬೇಕು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಇಲ್ಲಿ ವರ್ಷಕ್ಕೊಮ್ಮೆ, ಮಳೆಗಾಲ ಕಳೆದ ಮೇಲೆ ಬದಲಿಸಿ. ಮುಂದಿನ ಚಕ್ರ ಹೊರಳುವ ಕಿಂಗ್ ಪಿನ್‌ಗೆ ಗ್ರೀಸ್ ಹೊಡೆಯುವ ಅಭ್ಯಾಸವೂ ಇರಲಿ.

ಪೆಟ್ರೋಲ್ ಟ್ಯಾಂಕ್ ಇಳಿಸಿ ತೊಳೆಯದೆ ಸ್ಟಾರ್ಟ್ ಮಾಡಬೇಡಿ, ತಳದ ಅಂಟು ಕಾರ್ಬೊರೇಟರಿನ ಜೆಟ್ ಕಟ್ಟಿಸುತ್ತದೆ. ಈಗ ಬಂಕಿನಲ್ಲಿ ಸಿಗುವ 20 ಶೇಕಡಾ ಎಥನಾಲ್ ಬೆರೆತ ಪೆಟ್ರೋಲ್ ಹಳೇ ರಬ್ಬರನ್ನು ಉಬ್ಬಿಸಿ ಸೀಳಿಸುತ್ತದೆ, ನೀರನ್ನೂ ಎಳೆದುಕೊಳ್ಳುತ್ತದೆ. ಪೆಟ್ರೋಲ್ ಹೋಸ್, ಪಂಪಿನ ಡಯಾಫ್ರಮ್‌ಗಳನ್ನು ಎಥನಾಲ್ ತಡೆಯುವ ರಬ್ಬರಿನವಕ್ಕೇ ಬದಲಿಸಿ. ನಿಲ್ಲಿಸಿಡುವಾಗ ಟ್ಯಾಂಕ್ ತುಂಬಿರಲಿ, ಖಾಲಿ ಜಾಗದಲ್ಲೇ ನೀರು ಕಟ್ಟುವುದು. ವೈರಿಂಗ್ ಹೇಗೂ ಇಲಿ ಕಡಿದಿರುತ್ತದೆ. ತೇಪೆ ಹಾಕದೆ ಪೂರ್ತಿ ಹೊಸದು ಎಳೆಸಿ.

ಇನ್ನು ಕಾಗದಪತ್ರ. ಆರ್‌ಸಿ ಇಲ್ಲದ ಗಾಡಿಗೆ ದುಡ್ಡು ಕೊಡಬೇಡಿ. ಬಾಡಿಯ ಮೇಲೆ ಒತ್ತಿದ ಚಾಸಿ ನಂಬರು ಆರ್‌ಸಿಯ ನಂಬರಿಗೆ ಅಕ್ಷರಶಃ ಹೊಂದಬೇಕು, ಆ ನಂಬರಿರುವ ತಗಡನ್ನು ವೆಲ್ಡಿಂಗ್ ವೇಳೆ ಯಾರೂ ಮುಟ್ಟಬಾರದು. ಹದಿನೈದು ವರ್ಷ ದಾಟಿದ ಗಾಡಿಯ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕು, ಅರ್ಜಿ ಫಾರ್ಮ್ 25. ಐವತ್ತು ವರ್ಷ ದಾಟಿದ್ದರೆ 2021ರ ನಿಯಮದಂತೆ ವಿಂಟೇಜ್ ನೋಂದಣಿಯ ದಾರಿಯೂ ಇದೆ: ಶುಲ್ಕ 20,000 ರೂಪಾಯಿ, ಹತ್ತು ವರ್ಷದ ಅವಧಿ, 'ವಿಎ' ಅಕ್ಷರದ ನಂಬರ್ ಪ್ಲೇಟು. ಆದರೆ ಹಾಗೆ ನೋಂದಾಯಿಸಿದ ಗಾಡಿಯನ್ನು ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ತುಂಬಿಸುವಂಥ ಕೆಲಸಕ್ಕಷ್ಟೇ ರಸ್ತೆಗಿಳಿಸಬಹುದು. ಭಾನುವಾರ ಮನೆಮಂದಿಯನ್ನು ಕೂರಿಸಿಕೊಂಡು ಜೋಗಕ್ಕೆ ಹೋಗಿಬರುವ ಆಸೆಯಿದ್ದರೆ ಮಾಮೂಲಿ ನೋಂದಣಿಯನ್ನೇ ನವೀಕರಿಸಿಕೊಳ್ಳಿ. ಬಾಕಿ ತೆರಿಗೆ, ಹಸಿರು ತೆರಿಗೆ ಎಷ್ಟಿದೆ ಎಂದು ಆರ್‌ಟಿಒ ಕಚೇರಿಯಲ್ಲಿ ತಿಳಿದುಕೊಂಡು, ಅದನ್ನು ಕಳೆದೇ ಮಾರುವವರ ಹತ್ತಿರ ಬೆಲೆ ಮಾತಾಡಿ.