ಯುರೋಪ್ ರೈಲು ಟಿಕೆಟ್: ಪಾಸಾ, ಆ್ಯಪಾ, ರೈಲ್ವೆಯದೇ ಸೈಟಾ?

ನನ್ನ ಓಟು ರೈಲ್ವೆಯವರ ಸ್ವಂತ ಸೈಟಿಗೆ. ಜರ್ಮನಿಗಾದರೆ ಡಾಯ್ಚ ಬಾನ್, ಫ್ರಾನ್ಸ್‌ಗೆ ಎಸ್‌ಎನ್‌ಸಿಎಫ್ ಕನೆಕ್ಟ್, ಇಟಲಿಗೆ ಟ್ರೆನಿಟಾಲಿಯಾ. ಒಂದೊಂದು ದೇಶಕ್ಕೂ ಒಂದೊಂದು ಅಕೌಂಟ್ ಮಾಡಿಕೊಳ್ಳುವುದು ತಲೆನೋವೇ. ಆದರೂ ಅದೇ ವಾಸಿ.

ಎಲ್ಲ ದೇಶಗಳ ಟಿಕೆಟನ್ನೂ ಒಂದೇ ಕಡೆ ಮಾರುವ ಆ್ಯಪ್‌ಗಳಿವೆ. ಅಂಥದ್ದೊಂದರಲ್ಲಿ ಮ್ಯೂನಿಕ್‌ನಿಂದ ಬರ್ಲಿನ್‌ಗೆ ಐಸಿಇ ಅನ್ನುವ ಜರ್ಮನಿಯ ವೇಗದ ರೈಲಿನ ಟಿಕೆಟ್ ತೆಗೆದೆ. ಜೊತೆಗೆ ಅಮ್ಮ ಇದ್ದರು. ದುಡ್ಡು ಹೋಯಿತು, ಕ್ಯೂಆರ್ ಕೋಡ್ ಬಂತು. ನೋಡಿದರೆ ಬೋಗಿ ನಂಬರೂ ಇಲ್ಲ, ಸೀಟ್ ನಂಬರೂ ಇಲ್ಲ!

ಜರ್ಮನಿಯಲ್ಲಿ ಸೆಕೆಂಡ್ ಕ್ಲಾಸ್ ಟಿಕೆಟ್ ಬೇರೆ, ಸೀಟ್ ಬೇರೆ. ಟಿಕೆಟ್ ಇದ್ದರೆ ಹತ್ತಬಹುದು, ಖಾಲಿ ಇದ್ದರೆ ಕೂರಬಹುದು. ನಿಮ್ಮದೇ ಸೀಟ್ ಅಂತ ಬೇಕಿದ್ದರೆ ತಲೆಗೆ 5.50 ಯೂರೋ ಜಾಸ್ತಿ ಕೊಡಬೇಕು (2025ರ ಜೂನ್‌ನಿಂದ ಈ ದರ). ಆ ಆಯ್ಕೆಯನ್ನೇ ಆ್ಯಪ್ ತೋರಿಸಿರಲಿಲ್ಲ. ಆ್ಯಪಿನವರನ್ನು ಕೇಳಿದ್ದಕ್ಕೆ, ಟಿಕೆಟ್ ರದ್ದು ಮಾಡಿ ಹೊಸದಾಗಿ ತೆಗೆಯಿರಿ ಅಂದರು. ನನ್ನದು ರದ್ದು ಮಾಡಿದರೆ ಒಂದು ಪೈಸೆಯೂ ವಾಪಸ್ ಬರದ ಅಗ್ಗದ ಟಿಕೆಟ್. ಅಷ್ಟರಲ್ಲಿ ಅದೇ ರೈಲಿನ ದರವೂ ಏರಿತ್ತು. ಬುಕಿಂಗ್ ಶುಲ್ಕವನ್ನಂತೂ ಅವರು ಮರೆಯದೆ ಹಿಡಿದುಕೊಂಡಿದ್ದರು, ಅಲ್ವಾ!

ಕೊನೆಗೆ ಕೆಲಸವಾದದ್ದು ಡಾಯ್ಚ ಬಾನ್ ಸೈಟಿನಲ್ಲಿ. ಟಿಕೆಟ್ ಎಲ್ಲೇ ಕೊಂಡಿರಿ, ಅಲ್ಲಿ ಸೀಟನ್ನಷ್ಟೇ ಕೊಳ್ಳಬಹುದು. ಬೋಗಿಯ ನಕ್ಷೆ ತೆರೆದುಕೊಳ್ಳುತ್ತದೆ. ಪಕ್ಕಪಕ್ಕದ ಎರಡು ಸೀಟ್, ಲಗೇಜ್ ಇಡುವ ಜಾಗಕ್ಕೆ ಹತ್ತಿರ, ನಾನೇ ಆರಿಸಿದೆ. ಆ್ಯಪ್‌ಗಳಲ್ಲಿ ಕೆಲವು ಸಲ ಸಿಗುವುದು ಕಿಟಕಿಯೋ ನಡುದಾರಿಯೋ ಅನ್ನುವ ಪ್ರಶ್ನೆ ಮಾತ್ರ. ಅಂದಹಾಗೆ, ಕಾಯ್ದಿರಿಸಿದ ಸೀಟಿಗೆ ರೈಲು ಹೊರಟು 15 ನಿಮಿಷದೊಳಗೆ ಹೋಗಿ ಕೂರಬೇಕು. ಇಲ್ಲದಿದ್ದರೆ ಬೇರೆಯವರು ಕೂರಬಹುದು. ಕಾಫಿ ಆಮೇಲೆ ಕುಡಿಯಿರಿ.

ಇನ್ನು ಯುರೇಲ್ ಪಾಸ್, ಅಂದರೆ ಒಮ್ಮೆ ದುಡ್ಡು ಕಟ್ಟಿ ಹಲವು ದೇಶಗಳ ರೈಲು ಹತ್ತುವ ಪಾಸ್. ಸ್ವಿಟ್ಜರ್‌ಲ್ಯಾಂಡ್, ಆಸ್ಟ್ರಿಯಾ, ಜರ್ಮನಿಯಲ್ಲಿ ಇದು ಸೊಗಸು. ಹೆಚ್ಚಿನ ರೈಲುಗಳಿಗೆ ಸುಮ್ನೆ ಹತ್ತಿ ಹೊರಡಬಹುದು. ಆದರೆ ಫ್ರಾನ್ಸಿನ ಟಿಜಿವಿ, ಇಟಲಿಯ ಫ್ರೆಚ್ಚಾರೊಸ್ಸಾ, ಸ್ಪೇನಿನ ಎವಿಇಯಂಥ ವೇಗದ ರೈಲುಗಳಲ್ಲಿ ಸೀಟ್ ಕಾಯ್ದಿರಿಸುವುದು ಕಡ್ಡಾಯ, ಮತ್ತು ಆ ದುಡ್ಡು ಪಾಸಿನಲ್ಲಿ ಸೇರಿಲ್ಲ. ಟಿಜಿವಿಯಲ್ಲೂ ಲಂಡನ್-ಪ್ಯಾರಿಸ್ ಕಡೆ ಓಡುವ ಯುರೋಸ್ಟಾರ್ ರೈಲಿನಲ್ಲೂ ಪಾಸಿನವರಿಗೆ ಸೀಟಿನ ಮಿತಿಯೂ ಇದೆ. ಬೇರೆಯವರಿಗೆ ಟಿಕೆಟ್ ಸಿಗುತ್ತಿರುವಾಗಲೇ ಪಾಸಿನವರಿಗೆ ಇಲ್ಲ ಅನ್ನಿಸಿಕೊಳ್ಳಬೇಕಾಗಬಹುದು. ಒಟ್ಟಿಗೆ ದುಡ್ಡು ಕಟ್ಟಿದ ಮೇಲೂ ಪದೇ ಪದೇ ಪರ್ಸ್ ತೆಗೆಯುವುದು ನನಗೆ ಆಗಿಬರುವುದಿಲ್ಲ.

ಸ್ಟೇಷನ್ ಕೌಂಟರ್? ಹತ್ತಿರದ ಊರಿಗೆ ಸರಿ, ದೂರದ ವೇಗದ ರೈಲಿಗೆ ಅವತ್ತಿನ ದರ ಬಲು ದುಬಾರಿ.

ನಾನು ತಿಂಗಳುಗಳ ಮುಂಚೆಯೇ ತಾರೀಕು ಗೊತ್ತು ಮಾಡುವವಳು, ಕೈ ಬಿಗಿ. ಹಾಗಾಗಿ ರೈಲ್ವೆ ಸೈಟಿನ ಅಗ್ಗದ ಟಿಕೆಟ್ಟೇ ನನಗೆ ಹೊಂದುತ್ತದೆ. ಬೆಳಗ್ಗೆ ಎದ್ದು ಎಲ್ಲಿಗೆ ಹೋಗೋಣ ಅಂತ ಯೋಚಿಸುವವರು ಪಾಸ್ ಕೊಳ್ಳಲಿ. ಜರ್ಮನಿಯ ಅಗ್ಗದ ಟಿಕೆಟಿನಲ್ಲಿ ಗೊತ್ತಾದ ರೈಲನ್ನೇ ಹತ್ತಬೇಕು. ಆದರೆ ತಲುಪುವುದು 20 ನಿಮಿಷ ಅಥವಾ ಅದಕ್ಕಿಂತ ಜಾಸ್ತಿ ತಡವಾಗುವ ಹಾಗಿದ್ದರೆ ಆ ಕಟ್ಟು ಬಿಡುತ್ತದೆ, ಬೇರೆ ರೈಲು ಹಿಡಿಯಬಹುದು. ಕಾಯ್ದಿರಿಸಿದ ಸೀಟ್ ಮಾತ್ರ ಆ ಹೊಸ ರೈಲಿಗೆ ತಾನಾಗಿ ಬರುವುದಿಲ್ಲ.