ಬದಿಯಡ್ಕದ ತೋಟದಿಂದ ಬೆಂಗಳೂರಿಗೆ: ನಾಲ್ಕು ಟನಲ್‌ಗಳ ಹೋಲಿಕೆ

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನಮ್ಮ ಅಡಿಕೆ ತೋಟ. ಗುಡ್ಡದ ಸುರಂಗದ ನೀರು ಟ್ಯಾಂಕಿಗೆ ಬಂದು ಬೀಳುತ್ತದೆ. ಟ್ಯಾಂಕಿನ ಸೆನ್ಸರ್, ಪಂಪಿನ ಸ್ವಿಚ್, ಅಂಗಳದ ಕ್ಯಾಮೆರಾ ಎಲ್ಲವೂ ರಾಸ್ಪ್‌ಬೆರಿ ಪೈ 4 ಎಂಬ ಒಂದು ಪುಟ್ಟ ಕಂಪ್ಯೂಟರಿಗೆ ಸೇರಿವೆ. ನಾನಿರುವುದು ಬೆಂಗಳೂರಿನಲ್ಲಿ. ಮನೆಯ ಫೈಬರ್ ಲೈನಿಗೆ ಸಿಕ್ಕಿರುವುದು 100.64 ಸಾಲಿನ ಐಪಿ ವಿಳಾಸ (ನೆಟ್‌ವರ್ಕ್‌ನ ವಿಳಾಸ), ಅಂದರೆ ಒಂದು ಸಾರ್ವಜನಿಕ ವಿಳಾಸವನ್ನು ಎಷ್ಟೋ ಮನೆಗಳು ಹಂಚಿಕೊಂಡಿವೆ. ಹೊರಗಿನಿಂದ ಒಳಗೆ ಬರಲು ದಾರಿ ಇಲ್ಲ. ಹಾಗಾಗಿ ಸ್ಥಿರ ವಿಳಾಸ ಇರುವ ಒಂದು ಚಿಕ್ಕ ಸರ್ವರ್ ಬಾಡಿಗೆಗೆ ತೆಗೆದುಕೊಂಡೆ. ಮನೆಯ ಪೈ ಅದಕ್ಕೆ ತಾನಾಗಿ ಕನೆಕ್ಟ್ ಆಗಬೇಕು. ಯಾವ ಟನಲ್‌ನಲ್ಲಿ, ಅಂದರೆ ಇಂಟರ್ನೆಟ್ ಮೂಲಕ ಎರಡು ಯಂತ್ರಗಳ ನಡುವೆ ಹಾಕುವ ಪ್ರತ್ಯೇಕ ದಾರಿಯಲ್ಲಿ, ಅನ್ನುವುದೇ ಪ್ರಶ್ನೆ.

ಮೊದಲು ಎಸ್‌ಎಸ್‌ಎಚ್, ದೂರದ ಯಂತ್ರಕ್ಕೆ ಗುಪ್ತವಾಗಿ ಲಾಗಿನ್ ಆಗುವ ಪ್ರೋಗ್ರಾಂ. ಅದರ ರಿವರ್ಸ್ ಫಾರ್ವರ್ಡಿಂಗ್ (ಸರ್ವರ್‌ಗೆ ಬಂದದ್ದನ್ನು ಮನೆಯ ಯಂತ್ರಕ್ಕೆ ದಾಟಿಸುವುದು) ಹಾಕಲು ಹೊಸದೇನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಒಂದೇ ಒಂದು ಪೋರ್ಟ್, ಅಂದರೆ ಒಂದೇ ಸೇವೆಯ ಬಾಗಿಲು, ಸಾಕು ಅನ್ನುವವರಿಗೆ ಇದಕ್ಕಿಂತ ಸುಲಭದ ದಾರಿ ಇಲ್ಲ. ಆದರೆ ಎಲ್ಲ ಚಾನೆಲ್‌ಗಳೂ ಒಂದೇ ಟಿಸಿಪಿ ಸಂಪರ್ಕದಲ್ಲಿ ಹೋಗುತ್ತವೆ. ಟಿಸಿಪಿ ಕಳೆದುಹೋದ ಪ್ಯಾಕೆಟನ್ನು (ಡೇಟಾದ ತುಂಡನ್ನು) ಮತ್ತೆ ಕಳಿಸಿ, ಎಲ್ಲವನ್ನೂ ಕ್ರಮವಾಗಿಯೇ ತಲುಪಿಸುತ್ತದೆ. ಕ್ಯಾಮೆರಾದ ಒಂದು ಪ್ಯಾಕೆಟ್ ಕಳೆದುಹೋದರೆ ಅದು ಮತ್ತೆ ಬರುವವರೆಗೆ ಸೆನ್ಸರ್ ಕೂಡ ಕಾಯಬೇಕು. ಎಸ್‌ಎಸ್‌ಎಚ್‌ನಲ್ಲೇ ಇರುವ ಟನ್ (tun) ಎಂಬ ಕೃತಕ ನೆಟ್‌ವರ್ಕ್ ಸಾಧನದ ಟನಲ್ ಹಾಕಿದರೆ ಕಷ್ಟ ಇನ್ನೂ ಜಾಸ್ತಿ. ಆಗ ಒಳಗೊಂದು ಟಿಸಿಪಿ, ಹೊರಗೊಂದು ಟಿಸಿಪಿ. ಪ್ಯಾಕೆಟ್ ತಡವಾದರೆ ಎರಡೂ ತಮ್ಮ ತಮ್ಮ ಟೈಮರ್ ನೋಡಿಕೊಂಡು ಮತ್ತೆ ಕಳಿಸುತ್ತವೆ. ಸಾಲು ಬೆಳೆಯುತ್ತದೆ, ವೇಗ ಕುಸಿಯುತ್ತದೆ. ಮಳೆಗಾಲದಲ್ಲಿ ಲೈನ್ ಸ್ವಲ್ಪ ಹದಗೆಟ್ಟರೂ ಇದು ಎದ್ದು ಕಾಣುತ್ತದೆ.

ಆಮೇಲೆ ಓಪನ್‌ವಿಪಿಎನ್ ಎಂಬ ಟನಲ್ ಪ್ರೋಗ್ರಾಂ, ಯುಡಿಪಿ ಮೇಲೆ, ಅಂದರೆ ಕಳೆದದ್ದನ್ನು ತಾನಾಗಿ ಮತ್ತೆ ಕಳಿಸದ ಸರಳ ಸಾಗಣೆಯ ಮೇಲೆ. ಟಿಸಿಪಿ ಮೇಲೆ ಟಿಸಿಪಿಯ ಗೋಳು ತಪ್ಪಿತು. ಆದರೆ ಇದು ಸಾಮಾನ್ಯವಾಗಿ ಕರ್ನಲ್‌ನ (ಆಪರೇಟಿಂಗ್ ಸಿಸ್ಟಮ್‌ನ ತಿರುಳಿನ) ಹೊರಗೆ ಓಡುವ ಪ್ರೋಗ್ರಾಂ. ಪ್ಯಾಕೆಟ್ ಕರ್ನಲ್‌ನಿಂದ ಟನ್ ಸಾಧನದ ಮೂಲಕ ಹೊರಬರುತ್ತದೆ, ಗುಪ್ತವಾಗುತ್ತದೆ, ಮತ್ತೆ ಸಾಕೆಟ್ (ಪ್ರೋಗ್ರಾಂ ನೆಟ್‌ವರ್ಕಿಗೆ ಸೇರುವ ಕೊಂಡಿ) ಮೂಲಕ ಕರ್ನಲ್‌ಗೆ ಹೋಗುತ್ತದೆ. ಪ್ರತಿ ಪ್ಯಾಕೆಟ್‌ಗೂ ಈ ಓಡಾಟ. ಅದೂ ಒಂದೇ ಥ್ರೆಡ್‌ನಲ್ಲಿ, ಹಾಗಾಗಿ ಪೈನ ನಾಲ್ಕು ಕೋರ್‌ಗಳಲ್ಲಿ ಒಂದು ಬೆವರುತ್ತದೆ, ಉಳಿದವು ಸುಮ್ನೆ ಇರುತ್ತವೆ. ಪೈ 4ರ ಚಿಪ್‌ನಲ್ಲಿ ಎಇಎಸ್ ಎಂಬ ಗುಪ್ತಗೊಳಿಸುವ ವಿಧಾನಕ್ಕೆ ಹಾರ್ಡ್‌ವೇರ್ ನೆರವೂ ಇಲ್ಲ. ಓಪನ್‌ವಿಪಿಎನ್ 2.5ರಿಂದ ಬಂದ ಚಾಚಾ20-ಪಾಲಿ1305 ಎಂಬ ಇನ್ನೊಂದು ವಿಧಾನ ಆರಿಸಿಕೊಂಡರೆ ಉಸಿರಾಡಲು ಜಾಗ ಸಿಗುತ್ತದೆ. 2025ರಲ್ಲಿ ಬಂದ ಲಿನಕ್ಸ್ 6.16ರಲ್ಲಿ ಓಪನ್‌ವಿಪಿಎನ್‌ನ ಡೇಟಾ ಭಾಗ ಕರ್ನಲ್ ಒಳಗೇ ಸೇರಿದೆ. ಹೊಸ ಕರ್ನಲ್ ಇರುವವರು ಅದನ್ನು ನೋಡಲೇಬೇಕು. ನನ್ನ ಪೈನಲ್ಲಿ ಇರುವುದು ಹಳೆಯ ಕರ್ನಲ್.

ಮೂರನೆಯದು ವೈರ್‌ಗಾರ್ಡ್ ಎಂಬ ಗುಪ್ತ ಟನಲ್. ಅದು 2020ರ ಮಾರ್ಚ್‌ನಲ್ಲಿ, 5.6ರ ಜೊತೆ, ಲಿನಕ್ಸ್ ಕರ್ನಲ್‌ಗೆ ಸೇರಿತು. ಇಲ್ಲಿ ಯುಡಿಪಿ ಸಾಕೆಟ್ ತೆರೆಯುವುದೇ ಕರ್ನಲ್. ಆ ಸಾಕೆಟ್‌ಗೆ ಬಂದ ಪ್ಯಾಕೆಟ್ ಯಾವುದೋ ಪ್ರೋಗ್ರಾಂ ಓದಲಿ ಎಂದು ಸಾಲಿನಲ್ಲಿ ನಿಲ್ಲುವುದಿಲ್ಲ. ಅಲ್ಲೇ ಹಿಡಿದು ಸೀದಾ ವೈರ್‌ಗಾರ್ಡ್‌ನ ಕೈಗೆ ಕೊಡಲಾಗುತ್ತದೆ. ಗುಪ್ತ ಪ್ಯಾಕೆಟ್ ಬಿಡಿಸುವ ಕೆಲಸ ಎಲ್ಲ ಕೋರ್‌ಗಳಿಗೂ ಹಂಚಿಹೋಗುತ್ತದೆ. ಅದೇ ಪೈ, ಅದೇ ಲೈನ್, ಕ್ಯಾಮೆರಾದ ಚಿತ್ರ ತಡೆಯಿಲ್ಲದೆ ಬಂತು, ಪೈ ಬಿಸಿಯೂ ಆಗಲಿಲ್ಲ. ಅದರ ಕೋಡ್ ಇಷ್ಟು ಚಿಕ್ಕದಾಗಿ, ಇಷ್ಟು ಚೊಕ್ಕವಾಗಿ ಇರುವುದು ನನಗೆ ನಿಜಕ್ಕೂ ಖುಷಿ ಕೊಡುವ ಸಂಗತಿ.

ಗಡಿಯವರಿಗೆ ಇನ್ನೂ ದೊಡ್ಡ ಲಾಭ ಬೇರೆ ಇದೆ. ಪೆರ್ಲದಿಂದ ಅಡ್ಯನಡ್ಕದ ಕಡೆ ಬಸ್ಸಿನಲ್ಲಿ ಹೋದರೆ ಫೋನ್ ಕೇರಳದ ಟವರ್ ಬಿಟ್ಟು ಕರ್ನಾಟಕದ್ದನ್ನು ಹಿಡಿಯುತ್ತದೆ. ಎಷ್ಟೋ ಸಲ ಐಪಿ ವಿಳಾಸವೇ ಬದಲಾಗುತ್ತದೆ. ವಿಳಾಸ ಬದಲಾದರೆ ಎಸ್‌ಎಸ್‌ಎಚ್‌ನ ಟಿಸಿಪಿ ಸಂಪರ್ಕ ಸತ್ತ ಹಾಗೆಯೇ. ವೈರ್‌ಗಾರ್ಡ್ ಗುರುತು ಹಿಡಿಯುವುದು ಕೀಲಿಯಿಂದ. ಹೊಸ ವಿಳಾಸದಿಂದ ಸರಿಯಾದ ಒಂದು ಪ್ಯಾಕೆಟ್ ಬಂದರೆ ಸಾಕು, ಸರ್ವರ್ ಉತ್ತರವನ್ನು ಅಲ್ಲಿಗೇ ಕಳಿಸುತ್ತದೆ. ಓಪನ್‌ವಿಪಿಎನ್‌ನ ಈಚಿನ ಆವೃತ್ತಿಗಳೂ ಯುಡಿಪಿಯಲ್ಲಿ ಇದನ್ನು ಮಾಡುತ್ತವೆ.

ನಾಲ್ಕನೆಯದು ಫೂ ಓವರ್ ಯುಡಿಪಿ, 2014ರ ಲಿನಕ್ಸ್ 3.18ರಲ್ಲಿ ಬಂದದ್ದು. ಕರ್ನಲ್ ಯುಡಿಪಿ ತಲೆಬರಹವನ್ನು ಕಳಚಿ, ಒಳಗಿನ ಐಪಿಐಪಿ ಅಥವಾ ಜಿಆರ್‌ಇ (ಎರಡೂ ಒಂದು ಪ್ಯಾಕೆಟ್ ಒಳಗೆ ಇನ್ನೊಂದನ್ನು ಇಡುವ ವಿಧಾನಗಳು) ಪ್ಯಾಕೆಟನ್ನು ಮುಂದಕ್ಕೆ ಕೊಡುತ್ತದೆ, ಅಷ್ಟೇ. ಐಪಿಐಪಿಗೆ ಹೆಚ್ಚುವರಿ ಹೊರೆ 28 ಬೈಟ್ ಮಾತ್ರ, ತುಂಬ ಹಗುರ. ಆದರೆ ಗುಪ್ತತೆ ಇಲ್ಲ. ಎದುರಿನವರ ವಿಳಾಸ ಬದಲಾದರೆ ಅದಕ್ಕೆ ತಿಳಿಯುವುದೂ ಇಲ್ಲ. ಎರಡು ಸರ್ವರ್‌ಗಳ ನಡುವೆ ಚೆನ್ನಾಗಿ ನಡೆಯಿತು. ಮನೆಗೆ ಇದು ಆಗದು.

ಹಾಗಾಗಿ ಮನೆಗೆ ವೈರ್‌ಗಾರ್ಡ್ ಇಟ್ಟಿದ್ದೇನೆ. ಹಾಕುವವರು ಮೂರು ವಿಷಯ ನೋಡಿಕೊಳ್ಳಿ. ವಿಳಾಸ ಹಂಚಿಕೊಂಡ ಲೈನ್ ಆದರೆ ಮನೆಯ ಕಡೆ 25 ಸೆಕೆಂಡಿನ ಕೀಪ್‌ಅಲೈವ್ (ದಾರಿ ತೆರೆದಿಡಲು ಆಗಾಗ ಕಳಿಸುವ ಖಾಲಿ ಪ್ಯಾಕೆಟ್) ಹಾಕಿ. ಇಲ್ಲದಿದ್ದರೆ ಸರ್ವರ್‌ನಿಂದ ಮನೆಗೆ ಹೋಗುವ ದಾರಿ ಮುಚ್ಚಿಕೊಳ್ಳುತ್ತದೆ. ಎರಡನೆಯದು ಎಂಟಿಯು, ಅಂದರೆ ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ, ಬೈಟ್ ಲೆಕ್ಕದಲ್ಲಿ. ವೈರ್‌ಗಾರ್ಡ್‌ಗೆ ಮಾಮೂಲಿ 1420, ಹೊರಗಿನ ದಾರಿ ಐಪಿವಿ6 (ಉದ್ದ ವಿಳಾಸಗಳ ಹೊಸ ಐಪಿ) ಆದರೆ ಅದರ ಮೇಲೆ 80 ಬೈಟ್ ಸೇರಿ 1500 ಆಗುತ್ತದೆ. ಪಿಪಿಪಿಒಇ (ಹೆಸರು, ಪಾಸ್‌ವರ್ಡ್ ಕೊಟ್ಟು ಸೇರುವ ಬಗೆಯ) ಫೈಬರ್ ಲೈನಿನಲ್ಲಿ ಹಿಡಿಸುವುದು 1492. ಪಿಂಗ್ ಹೋಗುತ್ತದೆ, ಕ್ಯಾಮೆರಾದ ಪುಟ ಮಾತ್ರ ತೆರೆಯುವುದಿಲ್ಲ ಎಂದಾದರೆ ಕಾರಣ ಹೆಚ್ಚಾಗಿ ಇದೇ. 1412ಕ್ಕೆ ಇಳಿಸಿ.

ಮೂರನೆಯದು ಗಡಿಯಾರ. ನಮ್ಮಲ್ಲಿ ಸಿಡಿಲು ಬಡಿದರೆ ಕರೆಂಟು ಹೋಗುವುದು ಮಾಮೂಲು. ಪೈ 4ರಲ್ಲಿ ಸಮಯ ಉಳಿಸಿಕೊಳ್ಳುವ ಬ್ಯಾಟರಿ ಇಲ್ಲ. ಕರೆಂಟು ಬಂದಾಗ ಅದು ಹಿಂದಿನ ಯಾವುದೋ ಹೊತ್ತಿನಲ್ಲಿ ಏಳುತ್ತದೆ. ವೈರ್‌ಗಾರ್ಡ್‌ನ ಹ್ಯಾಂಡ್‌ಶೇಕ್‌ನಲ್ಲಿ (ಸಂಪರ್ಕ ಶುರುಮಾಡುವ ಸಂದೇಶದಲ್ಲಿ) ಸಮಯದ ಮುದ್ರೆ ಇರುತ್ತದೆ. ಅದು ಹಿಂದಿನದಕ್ಕಿಂತ ಹಳೆಯದಾದರೆ ಸರ್ವರ್ ಉತ್ತರವನ್ನೇ ಕೊಡುವುದಿಲ್ಲ. ಆದ್ದರಿಂದ ಎನ್‌ಟಿಪಿಯನ್ನು (ನೆಟ್‌ನಿಂದ ಸರಿಯಾದ ಸಮಯ ತರುವ ಸೇವೆಯನ್ನು) ಟನಲ್‌ನ ಹೊರಗಿನಿಂದಲೇ ಹೋಗಲು ಬಿಡಿ, ಅಥವಾ ಒಂದು ಆರ್‌ಟಿಸಿ (ಬ್ಯಾಟರಿ ಇರುವ ಗಡಿಯಾರದ) ಮಾಡ್ಯೂಲ್ ಸಿಕ್ಕಿಸಿ.

ಓಪನ್‌ವಿಪಿಎನ್ ಅನ್ನು ಸರ್ವರ್‌ನಿಂದ ನಾನು ತೆಗೆದಿಲ್ಲ. ಕೆಲವು ಆಫೀಸು, ಹಾಸ್ಟೆಲ್‌ಗಳ ವೈಫೈ ಯುಡಿಪಿಯನ್ನೇ ಬಿಡುವುದಿಲ್ಲ. ವೈರ್‌ಗಾರ್ಡ್‌ಗೆ ಟಿಸಿಪಿ ಗೊತ್ತಿಲ್ಲ. ಅಂಥ ಕಡೆ ನಿಧಾನವಾದರೂ ಟಿಸಿಪಿ ಪೋರ್ಟ್ 443ರ ಮೇಲೆ ಓಪನ್‌ವಿಪಿಎನ್ ಹಾಕಿ ಟ್ಯಾಂಕಿನ ಮಟ್ಟ ನೋಡುತ್ತೇನೆ.