ಬ್ಲೂಸ್‌ಗೆ ಪಿಕ್ಕಾ, ಬೆರಳಾ? ಎಲ್ಲ ನೋಡಿ ಬೆರಳಿಗೇ ಬಂದೆ

ಬ್ಲೂಸ್ ಅಂದರೆ ಅಮೆರಿಕದ ಒಂದು ಸಂಗೀತ ಶೈಲಿ. ಗಿಟಾರಿನಲ್ಲಿ ಅದನ್ನು ಪಿಕ್ಕಿನಿಂದ, ಅಂದರೆ ತಂತಿ ಮೀಟುವ ಚಿಕ್ಕ ಬಿಲ್ಲೆಯಿಂದ ನುಡಿಸಬೇಕಾ, ಬರಿ ಬೆರಳಿನಿಂದಲಾ? ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು ಬರಿಗೈಗೆ. 650 ರೂಪಾಯಿ ಕೊಟ್ಟು ಒಂದೇ ಒಂದು ದಪ್ಪ ಪಿಕ್ ತರಿಸಿ, ಎರಡು ತಿಂಗಳು ಅದರ ಜೊತೆ ಗುದ್ದಾಡಿದ ಮೇಲೆ ಬಂದ ತೀರ್ಮಾನ ಇದು.

ನನ್ನ ಹತ್ತಿರ ಇರುವುದು ಒಂದು ಎಲೆಕ್ಟ್ರಿಕ್ ಗಿಟಾರ್, 10ರ ಸೆಟ್ ತಂತಿ (ಅತಿ ತೆಳು ತಂತಿ 0.010 ಇಂಚು; ನಂಬರ್ ಹೆಚ್ಚಿದಷ್ಟೂ ದಪ್ಪ), ಮಂಚದ ಪಕ್ಕ ಹಿಡಿಸುವ ಚಿಕ್ಕ ಆಂಪ್. ದಾಲ್ ಮಿಲ್ಲಿನ ಲೆಕ್ಕ ಮುಗಿಸಿ ಬಂದು, ರೊಟ್ಟಿ ತಿಂದು, ರಾತ್ರಿ ಒಂದು ತಾಸು ಕೂರುತ್ತೇನೆ. ಎಲ್ಲದಕ್ಕೂ ಒಂದೇ ಪರೀಕ್ಷೆ ಇಟ್ಟೆ: ಎ ಕೀಯಲ್ಲಿ (ಎ ಸ್ವರ ಆಧಾರವಾಗಿ) ನಿಧಾನದ ಹನ್ನೆರಡು ಬಾರ್ ಬ್ಲೂಸ್, ಅಂದರೆ ಹನ್ನೆರಡು ತಾಳದ ಆವರ್ತಗಳಲ್ಲಿ ಸುತ್ತಿ ಬರುವ ಬ್ಲೂಸ್. ಆಂಪ್ ಸೆಟ್ಟಿಂಗ್ ಮುಟ್ಟಲಿಲ್ಲ.

ತೆಳು ಪಿಕ್, 0.46 ಮಿ.ಮೀ.ದು. ಎಷ್ಟು ಜೋರಾಗಿ ಹೊಡೆದರೂ ಮೊದಲು ಪಿಕ್ಕೇ ಬಾಗುತ್ತದೆ. ಎಲ್ಲ ತಂತಿ ಒಟ್ಟಿಗೆ ಸವರಿ ಸ್ಟ್ರಮ್ ಮಾಡಲು ಸರಿ, ಬ್ಲೂಸ್‌ಗೆ ಬೇಡ.

ದಪ್ಪ ಪಿಕ್, 1.5 ಮಿ.ಮೀ. ಮೊದಲ ವಾರ ಬಹಳ ಖುಷಿಯಾಯಿತು. ಒಂದೊಂದು ಸ್ವರವೂ ತುಂಬಿ ಬರುತ್ತಿತ್ತು. ಆಮೇಲೆ ಮೇ ಬಂತು. ಕಲಬುರಗಿಯ ಮೇ ಗೊತ್ತಲ್ಲ, 42 ಡಿಗ್ರಿ ದಾಟುತ್ತದೆ, ರಾತ್ರಿ ಹತ್ತಾದರೂ ಗೋಡೆ ಬಿಸಿ. ಕೈ ಬೆವರಿತು ಅಂದರೆ ಪಿಕ್ ತಿರುಗಲು ಶುರು. ಒಂಬತ್ತನೇ ಬಾರ್‌ನಲ್ಲಿ ಇ ಕಾರ್ಡಿಗೆ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪಿಗೆ) ಬರುವಷ್ಟರಲ್ಲಿ ತುದಿ ಪಕ್ಕಕ್ಕೆ ಹೋಗಿ, ಪಿಕ್ಕಿನ ದುಂಡು ಮೂಲೆ ತಂತಿಗೆ ಬಡಿಯುತ್ತಿತ್ತು. ನಡುವೆ ನಿಲ್ಲಿಸಿ, ತಿರುಗಿಸಿ, ಮತ್ತೆ ಮೊದಲಿನಿಂದ. ಒಂದು ತಾಸಿನಲ್ಲಿ ಹದಿನೈದು ಸಲ.

ಸ್ಯಾಂಡ್ ಪೇಪರ್ ಹಾಕಿ ಉಜ್ಜಿದೆ. ಬ್ಲೇಡಿನಿಂದ ಅಡ್ಡಗೆರೆ ಕೊರೆದೆ. ಎರಡು ವಾರ ನಿಂತಿತು, ಅಷ್ಟೇ. ಅಮೆರಿಕದ ಬ್ಲೂಸ್ ಗಿಟಾರಿಸ್ಟ್ ಸ್ಟೀವಿ ರೇ ವಾನ್ ಪಿಕ್ಕಿನ ದುಂಡು ತುದಿಯಿಂದ ನುಡಿಸುತ್ತಿದ್ದರು, ಹಾಗಾದರೆ ತಿರುಗಿದರೇನು ಎಂದು ಅದನ್ನೂ ನೋಡಿದೆ. ಆದರೆ ಅವರದು 13ರ ದಪ್ಪ ತಂತಿ, ಕಬ್ಬಿಣದಂಥ ಕೈ. ನನ್ನ 10ರ ತಂತಿಯಲ್ಲಿ ಬರೀ ಮಂಕು ಸದ್ದು ಬಂತು.

ಇದಕ್ಕಿಂತ ದೊಡ್ಡ ತೊಂದರೆ ನನಗೆ ತಡವಾಗಿ ತಿಳಿಯಿತು. ಜಾರಬಾರದು ಎಂದು ಬಿಗಿಯಾಗಿ ಹಿಡಿದಷ್ಟೂ ಮಣಿಕಟ್ಟು ಸೆಟೆಯುತ್ತಿತ್ತು. ಮೆಲ್ಲಗೆ ಬರಬೇಕಾದ ಸ್ವರವೂ ಜೋರು, ಜೋರಿನದೂ ಜೋರು. ಬ್ಲೂಸ್‌ನಲ್ಲಿ ಒಂದು ಸ್ವರ ಪಿಸುಗುಟ್ಟಿ ಮುಂದಿನದು ಕೂಗಬೇಕು, ಅಲ್ವಾ? ಅದೇ ಹೋಗಿಬಿಟ್ಟಿತ್ತು.

ಹೆಬ್ಬೆರಳಿಗೆ ಹಾಕುವ ಥಂಬ್ ಪಿಕ್ ಜಾರುವುದಿಲ್ಲ. ಬ್ಲೂಸ್ ಗಿಟಾರಿಸ್ಟ್ ಫ್ರೆಡ್ಡಿ ಕಿಂಗ್ ಪ್ಲಾಸ್ಟಿಕ್ಕಿನ ಥಂಬ್ ಪಿಕ್, ಜೊತೆಗೆ ತೋರುಬೆರಳಿಗೆ ಲೋಹದ್ದು ಹಾಕಿಕೊಳ್ಳುತ್ತಿದ್ದರು. ನನಗೆ ಅರ್ಧ ತಾಸಿಗೇ ಬೆರಳು ಕೆಂಪಾಯಿತು.

ಒಂದು ರಾತ್ರಿ ಬೇಸರವಾಗಿ ಪಿಕ್ ಬದಿಗಿಟ್ಟು ಸುಮ್ನೆ ಹೆಬ್ಬೆರಳಿನಿಂದ ಮೀಟಿದೆ. ಒಳಗಿನಿಂದ ಅವ್ವ ಕೇಳಿದಳು, "ಯಾಕ್ ತಮ್ಮಾ, ಇವತ್ತ ತಂತಿ ಬದ್ಲಿ ಮಾಡಿಯೇನು?" ತಂತಿ ಅದೇ, ಆಂಪ್ ಅದೇ.

ಬೆರಳಿನ ಮಾಂಸ ಅಗಲ, ಮೆತ್ತಗೆ. ಪಿಕ್ಕಿನ ಹಾಗೆ ತಂತಿಯನ್ನು ಥಟ್ಟನೆ ಬಿಡುವುದಿಲ್ಲ. ಅದಕ್ಕೇ ಸ್ವರದ ಜೊತೆ ಹುಟ್ಟುವ ಚೂಪಾದ ಮೇಲಿನ ನಾದಗಳು (ಹಾರ್ಮೋನಿಕ್‌ಗಳು) ಕಡಿಮೆಯಾಗಿ ನಾದ ದುಂಡಗಾಗುತ್ತದೆ. ಕೈಯನ್ನು ನೆಕ್ ಕಡೆ ಒಯ್ದರೆ ಇನ್ನೂ ದುಂಡಗೆ, ಬ್ರಿಡ್ಜ್ (ತಂತಿ ಕೂರುವ ಬುಡ) ಕಡೆ ತಂದರೆ ಖಾರ. ತೋರುಬೆರಳನ್ನು ತಂತಿಯ ಅಡಿಗೆ ಕೊಕ್ಕೆಯಂತೆ ಹಾಕಿ ಎಳೆದು ಬಿಟ್ಟರೆ, ತಂತಿ ಫ್ರೆಟ್ಟಿಗೆ (ನೆಕ್ ಮೇಲಿನ ಲೋಹದ ಪಟ್ಟಿಗೆ) ಬಡಿದು ಟಪ್ ಎಂದು ಚುಚ್ಚುತ್ತದೆ. ಆಂಪ್‌ನ ಗೇನ್ ಗುಂಡಿಯನ್ನು ಸದ್ದು ಇನ್ನೇನು ಒಡೆದು ಗೊರಗುಟ್ಟಬೇಕು ಅನ್ನುವ ಅಂಚಿಗೆ ಇಟ್ಟುಕೊಳ್ಳಿ. ಮೆಲ್ಲಗೆ ಮೀಟಿದರೆ ಸ್ವಚ್ಛ, ಎಳೆದರೆ ಗೊರಗೊರ. ಸದ್ದು ಬದಲಿಸುವ ಪೆಡಲ್ ತುಳಿಯುವ ಕೆಲಸವೇ ಇಲ್ಲ. ಕಂಪ್ರೆಸರ್ ಎಂಬ ಪೆಡಲ್ ಇದ್ದರೆ ಅದನ್ನು ಮಾತ್ರ ಆಫ್ ಮಾಡಿ, ಜೋರು ಮೆಲ್ಲಗೆ ಎಲ್ಲವನ್ನೂ ಅದು ಒಂದೇ ಸಮ ಮಾಡುತ್ತದೆ.

ಬ್ಲೂಸ್‌ನ ದೊಡ್ಡ ಗಿಟಾರಿಸ್ಟ್ ಆಲ್ಬರ್ಟ್ ಕಿಂಗ್ ನುಡಿಸಿದ್ದು ಬರಿ ಹೆಬ್ಬೆರಳಿನಿಂದ. ಗಿಟಾರಿಸ್ಟ್ ಆಲ್ಬರ್ಟ್ ಕಾಲಿನ್ಸ್, ಗಾಯಕ ಹೌಲಿನ್ ವುಲ್ಫ್ ಬ್ಯಾಂಡಿನ ಹ್ಯೂಬರ್ಟ್ ಸಮ್ಲಿನ್ ಕೂಡ ಬೆರಳಿನವರೇ. ಹಾಗಂತ ಪಿಕ್ಕಿನಲ್ಲಿ ಬ್ಲೂಸ್ ಬರುವುದಿಲ್ಲ ಎಂದಲ್ಲ, ಬಿ.ಬಿ. ಕಿಂಗ್ ಕೈಯಲ್ಲಿ ಪಿಕ್ಕೇ ಇತ್ತು.

ಬರಿಗೈಯ ಕೊರತೆ ಎರಡು. ಮೊದಲ ಹತ್ತು ದಿನ ಬೊಬ್ಬೆ ಏಳುತ್ತದೆ. ವೇಗದ ಶಫಲ್ (ಬ್ಲೂಸ್‌ನ ಕುಣಿಯುವ ಲಯ) ನನಗಿನ್ನೂ ಬೆರಳಿನಲ್ಲಿ ಬರುತ್ತಿಲ್ಲ. ಗೆಳೆಯ ಡ್ರಮ್ಸ್ ತರುವ ಶನಿವಾರ ಪಿಕ್ ಹಿಡಿಯುತ್ತೇನೆ, ಅದೂ 650ರದ್ದಲ್ಲ, 0.88 ಮಿ.ಮೀ. ದಪ್ಪದ ಸಾದಾ ಪಿಕ್. ನೀವು ಬ್ಯಾಂಡಿನಲ್ಲಿ ಜಾಸ್ತಿ ನುಡಿಸುವವರಾದರೆ ನಿಮಗೂ ಅದೇ ಸಾಕು.

ಮನೆಯಲ್ಲಿ, ಕಡಿಮೆ ವಾಲ್ಯೂಮಿನಲ್ಲಿ, ಖರ್ಚಿಲ್ಲದೆ ನುಡಿಸುವವರು ಒಂದು ತಿಂಗಳು ಬರಿಗೈಯಲ್ಲಿ ಕೂತು ನೋಡಿ. ಬಲಗೈ ಉಗುರು ಮಾಂಸದ ಮಟ್ಟಕ್ಕೆ ಕತ್ತರಿಸಿರಲಿ. ಚೂರು ಬೆಳೆದರೂ ತಂತಿಗೆ ತಾಗಿ ಕಿರ್ ಅನ್ನುತ್ತದೆ. ನಾನು ಭಾನುವಾರ ಬೆಳಿಗ್ಗೆ ಕತ್ತರಿಸುತ್ತೇನೆ.